ಫಿಜಿಗೆ ಉಪಪ್ರಧಾನಿಯ ಪದವಿ ಬೇಕೆ?

ಪರ

ಗಿರ್ಮಿಟ್ ಕರಾರಿನ ಭಾರತೀಯ ಕೂಲಿಗಳನ್ನು ಹೊತ್ತ ಲಿಯೋನಿಡಾಸ್ ಹಡಗು ಫಿಜಿಯ ತೀರವನ್ನು ಸೇರಿದುದು 1879ರ ಮೇ 14ರಂದು; ಆ ಕೂಲಿಗಳ ಸಂತತಿಗೆ ಮಂತ್ರಿಮಂಡಲದಲ್ಲಿ ದೊರೆತಿದ್ದ ಎರಡನೆಯ ಆಸನವು ಬಂದೂಕಿಗೆ ಬಲಿಯಾದುದು 1987ರ ಮೇ 14ರಂದು. ಅಂದು ಬೆಳಗಿನ ಹತ್ತರ ವೇಳೆಗೆ ಮುಸುಕುಧಾರಿ ಸೈನಿಕರು ಸಂಸತ್ತಿನೊಳಗೆ ನುಗ್ಗಿದೊಡನೆ, ಸಾದಾ ಉಡುಪಿನಲ್ಲಿ ಪ್ರೇಕ್ಷಕರ ನಡುವೆ ಕುಳಿತಿದ್ದ ಲೆಫ್ಟಿನೆಂಟ್ ಕರ್ನಲ್ ರಬುಕರು ಎದ್ದುಬಂದು, ಆಗತಾನೆ ತಿಂಗಳು ತುಂಬಿದ ಸರ್ಕಾರವನ್ನು ಹೊರಗಟ್ಟಿದರು. ಪ್ರಧಾನಿ ಬವಾದ್ರರು ಮೂಲನಿವಾಸಿಗಳು, ಉಪಪ್ರಧಾನಿ ಹರೀಶ ಶರ್ಮರು ಭಾರತೀಯ ಸಂತತಿಯವರು. ಎರಡು ಜನಾಂಗಗಳು ಅಧಿಕಾರವನ್ನು ಹೀಗೆ ಹಂಚಿಕೊಂಡು ಕುಳಿತ ದೃಶ್ಯವನ್ನು ಸೈನ್ಯವು ಸಹಿಸದಾಯಿತೆಂದ ಮೇಲೆ, ಆ ಪದವಿಯು ಬರಿಯ ಅಲಂಕಾರವೆಂದು ಯಾವ ಬಾಯಿಂದ ಹೇಳುವುದು?

ಅದೇ ರಬುಕರು ಮೂವತ್ತೈದು ವರ್ಷಗಳ ತರುವಾಯ, 28ಕ್ಕೆ 27 ಮತಗಳಿಂದ ಪ್ರಧಾನಿಯಾಗಿ ಆಯ್ಕೆಯಾದಾಗ, ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಬಿಮನ್ ಪ್ರಸಾದರಿಗೆ ಹಣಕಾಸಿನೊಡನೆ ಉಪಪ್ರಧಾನಿಯ ಪದವಿಯನ್ನೂ ಒಪ್ಪಿಸಿದರು. ಅದು ಪ್ರಾಯಶ್ಚಿತ್ತವೋ ಲೆಕ್ಕಾಚಾರವೋ, ನನಗೆ ಎರಡೂ ಸಮ್ಮತವೇ. ಏಕಕಾಲಕ್ಕೆ ಮೂವರು ಉಪಪ್ರಧಾನಿಗಳು ತುಸು ಹೆಚ್ಚಾಯಿತೆಂಬುದನ್ನು ಬೇಕಾದರೆ ಒಪ್ಪುತ್ತೇನೆ. ವೆಚ್ಚದ ಮಾತೆತ್ತುವವರಿಗೆ ಉತ್ತರಿಸುವ ವ್ಯವಧಾನ ನನಗಿಲ್ಲ.

ವಿರೋಧ

ತೋಚಿದುದನ್ನು ಅನುಕ್ರಮವಾಗಿ ನಿವೇದಿಸುತ್ತೇನೆ.

ಮೊದಲನೆಯದು ಸಂಖ್ಯೆ: 2022ರ ಸರ್ಕಾರದಲ್ಲಿ, 55 ಸದಸ್ಯರ ಸಭೆಗೆ ಮೂವರು ಉಪಪ್ರಧಾನಿಗಳಿದ್ದರು. ಇದನ್ನು ಎದುರು ಪಕ್ಷದವರೇ ಒಪ್ಪಿರುವಂತಿದೆ.

ಎರಡನೆಯದು ಪ್ರಯೋಜನ. ಪ್ರಧಾನಿಯಿಲ್ಲದ ವೇಳೆಯಲ್ಲಿ ಚುಕ್ಕಾಣಿ ಹಿಡಿಯಲೆಂದಲ್ಲವೆ ಉಪಪ್ರಧಾನಿ ಇರುವುದು? 2000ದ ಮೇ ತಿಂಗಳಲ್ಲಿ ಪ್ರಧಾನಿ ಮಹೇಂದ್ರ ಚೌಧರಿಯವರು ಸಂಸತ್ತಿನೊಳಗೆ ಒತ್ತೆಯಾಳಾದಾಗ ಅವರ ಸಂಪುಟದಲ್ಲಿ ಇಬ್ಬರು ಉಪಪ್ರಧಾನಿಗಳಿದ್ದರು. ಆದರೂ ರಾಷ್ಟ್ರಾಧ್ಯಕ್ಷ ಮಾರ ಅವರು ಹಂಗಾಮಿ ಪ್ರಧಾನಿಯನ್ನಾಗಿ ನೇಮಿಸಿದ್ದು, ಅಂದು ಸಭೆಯಲ್ಲಿಲ್ಲದೆ ಪಾರಾಗಿದ್ದ ಕಾರ್ಮಿಕ ಸಚಿವ ಮೊಮೊಯೆದೊನು ಅವರನ್ನು. ಅವರಾದರೂ ಕೆಲವೇ ನಿಮಿಷ ಪ್ರಧಾನಿಯಾಗಿದ್ದು, ಸಂಸತ್ತಿನ ಅಧಿವೇಶನವನ್ನು ಮುಂದೂಡುವಂತೆ ಸಲಹೆಯಿತ್ತು, ರಾಜೀನಾಮೆ ಕೊಟ್ಟು ಹೊರಟುಹೋದರು.

ಮೂರನೆಯದು ಚೌಕಾಸಿ. 2022ರಲ್ಲಿ, ಸಂಸತ್ತಿನಲ್ಲಿ ಮೂವರೇ ಸದಸ್ಯರಿದ್ದ ಸೊಡೆಲ್ಪ ಪಕ್ಷವು, ತನ್ನ ಆಡಳಿತ ಮಂಡಳಿಯಲ್ಲಿ 13ಕ್ಕೆ 12 ಮತಗಳಿಂದ ರಬುಕರ ಕಡೆಗೆ ವಾಲಿ, ತನ್ನ ನಾಯಕ ಗಾವೋಕರಿಗೆ ಒಂದು ಉಪಪ್ರಧಾನಿ ಪದವಿಯನ್ನು ಗಿಟ್ಟಿಸಿಕೊಂಡಿತು. ಆ ಬೆಲೆಯನ್ನು ತೆರದಿದ್ದರೆ, 2006ರ ಸೈನಿಕ ಕ್ಷಿಪ್ರಕ್ರಾಂತಿಯಿಂದ ಗದ್ದುಗೆಯೇರಿದ್ದ ಬೈನಿಮರಾಮರು ಹದಿನಾರು ವರ್ಷಗಳ ಮೇಲೂ ಇಳಿಯುತ್ತಿದ್ದರೆಂದು ನನಗೂ ನಂಬಿಕೆಯಿಲ್ಲ. ಬೆಲೆ ಅಗ್ಗವೇ ಆಯಿತೆನ್ನಬೇಕು.