ಸೈಕಲ್ ರಸ್ತೆಯಲ್ಲೇ ಇರಲಿ, ಜಾಗ ನಾವು ಬಿಡೋಣ



ಮೂರು ವಾರದ ಹಿಂದೆ ಭಾನುವಾರದ ಪೂಜೆ ಮುಗಿಸಿ ಒಬ್ಬ ಅಜ್ಜಿ ಮನೆಗೆ ನಡೆದು ಹೋಗುತ್ತಿದ್ದರು. ನಮ್ಮ ರಾಯದುರ್ಗದಲ್ಲಿ ಫುಟ್‌ಪಾತ್ ಅಂದರೆ ಹೆಚ್ಚಿನ ಕಡೆ ಚರಂಡಿ ಮೇಲೆ ಹಾಸಿದ ಚಪ್ಪಡಿ, ಅಷ್ಟೇ. ಅದರ ಮೇಲೆ ಹಿಂದಿನಿಂದ ಬಂದ ಹುಡುಗನ ಸೈಕಲ್ ತಾಗಿ ಅಜ್ಜಿ ಬಿದ್ದರು. ಮಣಿಕಟ್ಟಿನ ಮೂಳೆ ಮುರಿಯಿತು. ಹುಡುಗ ನಮ್ಮ ಧರ್ಮಕೇಂದ್ರದವನೇ, ಆರನೇ ತರಗತಿ. ಎಲ್ಲರೂ ಸೇರಿ ಅವನನ್ನು ಬೈದೆವು. "ಸೈಕಲ್ ಓಡಿಸೋಕೆ ರೋಡ್ ಇಲ್ವೇನೋ?" ಎಂದು ನಾನೂ ಜೋರು ಮಾಡಿದೆ.

ಅವನು ಅಳುತ್ತಲೇ ಹೇಳಿದ: "ರೋಡಲ್ಲೇ ಇದ್ದೆ ಅಣ್ಣ. ಹಿಂದಿಂದ ನೀವೇ ಹಾರ್ನ್ ಹೊಡೆದ್ರಿ, ಹೆದರಿಕೊಂಡು ಮೇಲೆ ಹತ್ತಿಸಿಬಿಟ್ಟೆ."

ಹೌದು, ಹಾರ್ನ್ ಹೊಡೆದಿದ್ದು ನಾನೇ. ನನಗೆ ಅಂಥ ಅವಸರವೇನೂ ಇರಲಿಲ್ಲ, ಬರೀ ಅಭ್ಯಾಸ.

ಅಂದಿನಿಂದ ನಮ್ಮ ಯುವಜನರಲ್ಲಿ ಒಂದೇ ವಾದ: ಸೈಕಲ್ ಫುಟ್‌ಪಾತ್ ಮೇಲೆ ಹೋಗಬೇಕಾ, ರಸ್ತೆಯಲ್ಲಿ ಹೋಗಬೇಕಾ? ಹೆತ್ತವರು, ಅದರಲ್ಲೂ ಅಮ್ಮಂದಿರು, ಫುಟ್‌ಪಾತೇ ಸರಿ ಅನ್ನುತ್ತಾರೆ. ಬಳ್ಳಾರಿ ರಸ್ತೆಯಲ್ಲಿ ಲಾರಿ ಬರುವ ರಭಸ ನೋಡಿದವರು ಹಾಗೆನ್ನುವುದು ತಪ್ಪಲ್ಲ. ಆದರೂ ಸೈಕಲ್ ರಸ್ತೆಯಲ್ಲೇ ಇರಬೇಕು ಅನ್ನುವುದು ನನ್ನ ಅಭಿಪ್ರಾಯ.

ನಡೆಯುವವರ ವೇಗ ಗಂಟೆಗೆ ನಾಲ್ಕೈದು ಕಿಲೋಮೀಟರ್. ಸೈಕಲ್ ನಿಧಾನವಾಗಿ ಹೋದರೂ ಹನ್ನೆರಡು, ಹದಿನೈದು. ಸದ್ದು ಬೇರೆ ಇಲ್ಲ. ಕಿವಿ ಮಂದವಾದ ವಯಸ್ಸಾದವರಿಗೆ ಬೆಲ್ ಹೊಡೆದರೂ ಅಷ್ಟಕ್ಕಷ್ಟೇ. ಸೈಕಲ್‌ನವನಿಗಾದರೂ ಅಲ್ಲಿ ಸುರಕ್ಷೆ ಇದೆಯಾ ಅಂದರೆ ಅದೂ ಇಲ್ಲ. ಒಂದು ಚಪ್ಪಡಿ ಮುರಿದಿರುತ್ತದೆ, ಇನ್ನೊಂದರ ಮೇಲೆ ಅಂಗಡಿಯ ಬೋರ್ಡು, ಅದರ ಪಕ್ಕ ನಿಲ್ಲಿಸಿದ ಬೈಕು. ಪ್ರತಿ ಸಲ ಕೆಳಗಿಳಿದು ಮತ್ತೆ ಹತ್ತಬೇಕು. ಹಾಗೆ ದಿಢೀರನೆ ಇಳಿಯುವ ಸೈಕಲ್ಲೇ ಅಪಾಯ, ಏಕೆಂದರೆ ಹಿಂದಿನಿಂದ ಬರುವ ಆಟೋದವನಿಗೆ ಅದು ಅಲ್ಲಿಯವರೆಗೂ ಕಂಡಿರುವುದಿಲ್ಲ. ರಸ್ತೆಯ ಎಡಗಡೆ ನೇರವಾಗಿ ಹೋಗುವವನಾದರೆ ದೂರದಿಂದಲೇ ಕಾಣುತ್ತಾನೆ.

ಎಡಗಡೆ ಅಂದೆ. ಇಲ್ಲೂ ಒಂದು ಗೊಂದಲವಿದೆ. ಫುಟ್‌ಪಾತ್ ಇಲ್ಲದ ಕಡೆ ನಡೆಯುವವರು ಎದುರಿನ ಗಾಡಿ ಕಾಣುವಂತೆ ಬಲಗಡೆ ನಡೆಯಬೇಕು ಎಂದು ಶಾಲೆಯಲ್ಲಿ ಕಲಿಸುತ್ತಾರೆ. ಮಕ್ಕಳು ಅದನ್ನೇ ಸೈಕಲ್‌ಗೂ ಹಚ್ಚಿಕೊಂಡು ಎದುರು ಬರುತ್ತಾರೆ. ಸೈಕಲ್ ಒಂದು ವಾಹನ, ಉಳಿದ ವಾಹನಗಳ ಹಾಗೆ ಎಡಗಡೆಯೇ ಹೋಗಬೇಕು.

ಚಿಕ್ಕ ಮಕ್ಕಳ ಮಾತು ಬೇರೆ. ಜರ್ಮನಿಯಲ್ಲಿ ಎಂಟು ವರ್ಷ ತುಂಬುವವರೆಗೆ ಮಕ್ಕಳು ಫುಟ್‌ಪಾತ್ ಮೇಲೆಯೇ ಸೈಕಲ್ ಓಡಿಸಬೇಕು, ಹತ್ತು ತುಂಬುವವರೆಗೆ ಓಡಿಸಬಹುದು. ಜಪಾನಿನಲ್ಲಿ ಹದಿಮೂರರೊಳಗಿನ ಮಕ್ಕಳಿಗೂ ಎಪ್ಪತ್ತು ದಾಟಿದವರಿಗೂ ಆ ರಿಯಾಯಿತಿ ಇದೆ. ನಮ್ಮಲ್ಲೂ ಪುಟಾಣಿಗಳು ಚಪ್ಪಡಿ ಮೇಲೆ ನಿಧಾನವಾಗಿ ಹೋಗಲಿ, ಎದುರಿಗೆ ಯಾರಾದರೂ ಸಿಕ್ಕರೆ ಇಳಿದು ತಳ್ಳಿಕೊಂಡು ಹೋಗಲಿ.

ನಮ್ಮ ಗಡಿಯ ಎರಡೂ ಕಡೆ ಸರ್ಕಾರಗಳು ಸೈಕಲ್ ಕೊಟ್ಟಿವೆ. ಕರ್ನಾಟಕದಲ್ಲಿ 2006-07ರಿಂದ ಎಂಟನೇ ತರಗತಿ ಮಕ್ಕಳಿಗೆ ಕೊಟ್ಟರು. ಪಾವಗಡ, ಮೊಳಕಾಲ್ಮೂರು ಕಡೆ ನೆಂಟರಿರುವವರಿಗೆ ಆ ಸೈಕಲ್‌ಗಳ ನೆನಪಿರುತ್ತದೆ. ಆಮೇಲೆ ಆಂಧ್ರದಲ್ಲೂ ಸರ್ಕಾರಿ ಹೈಸ್ಕೂಲಿನ ಹೆಣ್ಣುಮಕ್ಕಳಿಗೆ 'ಬಡಿಕೊಸ್ತಾ' ಹೆಸರಿನಲ್ಲಿ ಕೊಟ್ಟರು. ಶಾಲೆಗೆ ಬರ್ತೀನಿ ಅಂತ ಅದರ ಅರ್ಥ. ಬರಲು ಸೈಕಲ್ ಸಿಕ್ಕಿತು, ಓಡಿಸಲು ಜಾಗ ಸಿಗಲಿಲ್ಲ. ಮಡಕಶಿರಾದಲ್ಲಿರುವ ನಮ್ಮ ಚಿಕ್ಕಮ್ಮನ ಮಗಳು ಹೈಸ್ಕೂಲ್ ಮುಗಿಯುವವರೆಗೂ ಸೈಕಲ್ ತುಳಿದಳು. ಮಳೆ, ಬಿಸಿಲು ಯಾವುದಕ್ಕೂ ಹೆದರಲಿಲ್ಲ, ಹಿಂದೂಪುರ ರಸ್ತೆಯಲ್ಲಿ ಮೈಗೆ ತಾಗುವಷ್ಟು ಹತ್ತಿರ ನುಗ್ಗುವ ಬೈಕ್ ಹುಡುಗರಿಗೆ ಹೆದರುತ್ತಿದ್ದೆ ಅನ್ನುತ್ತಾಳೆ. ನಮ್ಮೂರಿನ ಜೀನ್ಸ್ ಹೊಲಿಗೆ ಘಟಕಗಳಿಗೆ ಸೈಕಲ್‌ನಲ್ಲಿ ಹೋಗುವವರನ್ನು ಕೇಳಿ, ಅವರೂ ಇದನ್ನೇ ಹೇಳುತ್ತಾರೆ.

ಆ ಬೈಕ್ ಹುಡುಗರು ಯಾರೋ ಅಲ್ಲ, ನಾವೇ. ಟ್ರಾಫಿಕ್ ನಿಂತರೆ ನಾವೂ ಚಪ್ಪಡಿ ಹತ್ತಿಸುತ್ತೇವೆ. ಮೋಟಾರು ವಾಹನ ಫುಟ್‌ಪಾತ್ ಮೇಲೆ ಹೋಗಬಾರದೆಂದು 2017ರ ಕೇಂದ್ರದ ಚಾಲನಾ ನಿಯಮಗಳಲ್ಲೇ ಇದೆ. ಅಡ್ಡಿಯಿಲ್ಲದ ಫುಟ್‌ಪಾತ್ ನಡೆಯುವವರ ಹಕ್ಕು, ಅದು ಸಂವಿಧಾನದ 21ನೇ ವಿಧಿಗೆ ಸೇರಿದ್ದು ಎಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 32,825 ಜನ ಬರೀ ನಡೆದು ಹೋಗುತ್ತಿದ್ದವರು. ಅವರಿಗಿರುವ ಅಂಗೈ ಅಗಲದ ಜಾಗಕ್ಕೆ ಸೈಕಲ್‌ನವರನ್ನೂ ತಳ್ಳಿ, ಇಡೀ ರಸ್ತೆ ನಾವು ಇಟ್ಟುಕೊಳ್ಳುವುದು ಯಾವ ನ್ಯಾಯ?

ಪುರಸಭೆಯವರು ಶಾಲೆ ರಸ್ತೆಗಳಲ್ಲಾದರೂ ಎಡಗಡೆ ಒಂದು ಬಿಳಿ ಗೆರೆ ಎಳೆದರೆ ಒಳ್ಳೆಯದು. ಯುವಜನರ ಸಂಘದಿಂದ ಅರ್ಜಿ ಕೊಡೋಣ, ನಾನೇ ಬರೆದು ತರುತ್ತೇನೆ. ಗೆರೆ ಬರುವವರೆಗೆ, ಮುಂದೆ ಸೈಕಲ್ ಕಂಡರೆ ಗೇರ್ ಇಳಿಸಿ, ಒಂದು ಮಾರು ದೂರ ಬಿಟ್ಟು ದಾಟಿ. ಜಾಗ ಇಲ್ಲದಿದ್ದರೆ ಹಿಂದೆಯೇ ಹೋಗಿ. ಹಾರ್ನ್ ಬೇಡ.

ಅಜ್ಜಿಯ ಕೈಕಟ್ಟು ಇನ್ನೂ ಬಿಚ್ಚಿಲ್ಲ. ಹುಡುಗ ದಿನಾ ಸಂಜೆ ಅವರಿಗೆ ಹಾಲಿನ ಪ್ಯಾಕೆಟ್ ತಂದುಕೊಡುತ್ತಾನೆ. ಸೈಕಲ್ ಇದೆ, ಆದರೆ ತಳ್ಳಿಕೊಂಡೇ ಬರುತ್ತಾನೆ. ಹತ್ತಲು ಇನ್ನೂ ಹೆದರಿಕೆಯಂತೆ.