ಲಾಠಿಯಿಂದ ಮಾವಿನಕಾಯಿ, ಹೆಲ್ಮೆಟ್ಟಿನಲ್ಲಿ ಮೀನು

ಮೊನ್ನೆ ರಜೆಗೆಂದು ಹಳಿಯಾಳಕ್ಕೆ ಹೋಗಿದ್ದೆ. ನಮ್ಮ ಪಕ್ಕದ ಮನೆ ಕಾಕಾ ರಿಟೈರ್ಡ್ ಹೆಡ್ ಕಾನ್‌ಸ್ಟೇಬಲ್. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ನಾಲ್ಕೂ ಕಡೆ ನೀರು ಕುಡಿದ ಜೀವ. ಚಹಾ ಬಂದ ಕೂಡಲೇ ಹಳೇ ಕತೆ ಶುರುವಾಯ್ತು.

"ಲಾಠಿ ಯಾಕ ಕೊಟ್ಟಾರ ಹೇಳು ನೋಡೂಣು?"

"ಗಲಾಟೆ ಆದ್ರ ಬಿಡಸಾಕ..."

"ತಮ್ಮಾ, ನನ್ನ ಸರ್ವಿಸ್‌ನಾಗ ಲಾಠಿ ಭಾಳ ಬಡದಿದ್ದು ಮಾವಿನಕಾಯಿಗೆ!"

ಒಂದು ಠಾಣೆಯಲ್ಲಿ (ಯಾವುದು ಅಂತ ಕೇಳಬೇಡಿ) ಗಲಭೆ ತಡೆಯೋ ಹೆಲ್ಮೆಟ್ಟಿನಲ್ಲಿ ಸಂತೆಯಿಂದ ಮೀನು ಬರುತ್ತಿತ್ತಂತೆ. ಫೈಬರ್ ಶೀಲ್ಡ್ ಮೇಲೆ ಸಂಡಿಗೆ ಒಣಗುತ್ತಿತ್ತಂತೆ. ನಕ್ಕು ನಕ್ಕು ಹೊಟ್ಟೆ ಹುಣ್ಣಾಯ್ತು.

ನಗೋಕೆ ನನಗೆ ಹಕ್ಕಿದೆಯಾ? ಆಫೀಸ್ ಪ್ರಿಂಟರಿನಲ್ಲಿ ತಂಗಿಯ ಪ್ರಾಜೆಕ್ಟ್ ರಿಪೋರ್ಟ್ ತೆಗೆದವನು ನಾನು. ಅದೂ ಕಲರ್‌ನಲ್ಲಿ :-)

ಆದರೆ ಕಾಕಾ ಇನ್ನೊಂದು ಕತೆ ಹೇಳಿದರು, ಅದಕ್ಕೆ ನಗು ಬರಲಿಲ್ಲ. ವೈರ್‌ಲೆಸ್ ಸೆಟ್ ಫೋನ್ ಇದ್ದ ಹಾಗಲ್ಲ. ಒಂದು ಚಾನೆಲ್‌ನಲ್ಲಿ ಒಬ್ಬ ಬಟನ್ ಒತ್ತಿ ಮಾತಾಡುತ್ತಿದ್ದರೆ ಉಳಿದವರೆಲ್ಲ ಕೇಳಬೇಕು ಅಷ್ಟೇ. ಒಂದು ಸಂಜೆ ಇಬ್ಬರು ಬಂಗಡೆ ರೇಟಿನ ಬಗ್ಗೆ ಓವರ್, ಓವರ್ ಅಂತ ಹರಟುತ್ತಿದ್ದರಂತೆ. ಅತ್ತ ಕಾಡಿನ ರಸ್ತೆಯಲ್ಲಿ ಬೈಕಿನಿಂದ ಬಿದ್ದ ಹುಡುಗನ ಪಕ್ಕ ನಿಂತು ಕಾಕಾ ಚಾನೆಲ್ ಖಾಲಿಯಾಗಲಿ ಅಂತ ಕಾಯುತ್ತಿದ್ದರು. ಹುಡುಗ ಉಳಿದ. "ಆದ್ರ ಆ ಐದು ನಿಮಿಷ ಇನ್ನೂ ಮರ್ತಿಲ್ಲ" ಅಂದರು.

ನನಗನ್ನಿಸಿದ್ದು ಇಷ್ಟು. ಸರ್ಕಾರಿ ವಸ್ತುವನ್ನು ಬೇರೆ ಕೆಲಸಕ್ಕೆ ಬಳಸಿದ್ದು ತಪ್ಪೋ ಸರಿಯೋ ಅಂತ ಕೇಳೋ ಮುಂಚೆ, ಅದರಿಂದ ಯಾರು ಕಾಯಬೇಕಾಯ್ತು ಅಂತ ಕೇಳಬೇಕು. ಮಾವಿನಕಾಯಿಗೆ ಯಾರೂ ಕಾಯಲಿಲ್ಲ. ಬಂಗಡೆಗೆ ಒಬ್ಬ ಹುಡುಗ ಕಾದ.

ಬಳಸದೇ ಇಟ್ಟರೂ ಕಷ್ಟವೇ. 2018ರಲ್ಲಿ ಉತ್ತರ ಪ್ರದೇಶದ ಸಂಭಲ್‌ನಲ್ಲಿ ಪಿಸ್ತೂಲು ಕೈಕೊಟ್ಟಾಗ ಪೊಲೀಸರೊಬ್ಬರು ಬಾಯಲ್ಲೇ "ಠಾಂಯ್ ಠಾಂಯ್" ಅಂದ ವಿಡಿಯೋ ನೋಡಿರಬೇಕು. 2022ರ ಡಿಸೆಂಬರಿನಲ್ಲಿ ಅದೇ ರಾಜ್ಯದ ಸಂತ ಕಬೀರ್ ನಗರದಲ್ಲಿ, ಡಿಐಜಿ ತಪಾಸಣೆಗೆ ಬಂದಾಗ, ಎಸ್‌ಐ ಒಬ್ಬರು ಗುಂಡನ್ನು ಬಂದೂಕಿನ ನಳಿಗೆಯ ಬಾಯಿಂದಲೇ ಒಳಗೆ ಹಾಕಿದರು! ದೇಶವೆಲ್ಲ ನಕ್ಕಿತು. ಅವರಿಗೆ ಕಲಿಸಬೇಕಾದವರು ಯಾರು ಅಂತ ಕೇಳಿದವರು ಕಡಿಮೆ.

ಇನ್ನು ಎಲ್ಲಕ್ಕಿಂತ ದೊಡ್ಡ ದುರ್ಬಳಕೆ ವಸ್ತುವಿನದ್ದಲ್ಲ, ಮನುಷ್ಯನದ್ದು. ತರಬೇತಿ ಪಡೆದ ಪೇದೆಯನ್ನು ಸಾಹೇಬರ ಮನೆಯ ತರಕಾರಿ ಚೀಲ ಹೊರೋಕೆ ಕಳಿಸೋ ಆರ್ಡರ್ಲಿ ಪದ್ಧತಿ ಇದೆಯಲ್ಲ, ಅದು. ತಮಿಳುನಾಡಿನಲ್ಲಿ ಇದನ್ನು 1979ರಲ್ಲೇ ರದ್ದು ಮಾಡಿ ಆದೇಶ ಹೊರಡಿಸಿದ್ದರು. ಆದರೂ 2022ರಲ್ಲಿ ಮದ್ರಾಸ್ ಹೈಕೋರ್ಟ್ ಮತ್ತೆ ಅದನ್ನೇ ಹೇಳಬೇಕಾಯ್ತು. ನಡುವೆ 43 ವರ್ಷ!

ಲಾಠಿಯಿಂದ ಮಾವಿನಕಾಯಿ ಉದುರಿಸಿದವನಿಗೆ ಮೆಮೋ ಕೊಡೋದು ಸುಲಭ. ಪೇದೆ ಕೈಲಿ ನಾಯಿ ವಾಕಿಂಗ್ ಮಾಡಿಸಿದವರಿಗೆ ಮೆಮೋ ಕೊಡೋರು ಯಾರು?

ಕಾಕಾನ ಕೇಳಿದೆ. ಅವರು ನಕ್ಕು ಚಹಾ ಕಪ್ ಕೆಳಗಿಟ್ಟರು. "ಓವರ್" ಅಂದರು.

ನೀವೇನಂತೀರಿ?