ಉಳಿಯುವ ನೆನಪು

ಮಹಾಲಯ ಅಮಾವಾಸ್ಯೆಯ ದಿನ ಕರ್ನಾಟಕದ ಅನೇಕ ಮನೆಗಳಲ್ಲಿ ಹಿರಿಯರಿಗೆ ಎಡೆಯಿಡುವ ಪದ್ಧತಿಯುಂಟು. ತೀರಿಹೋದವರಿಗೆ ಪ್ರಿಯವಾಗಿದ್ದ ತಿನಿಸುಗಳನ್ನು ಮಾಡಿ, ಹೊಸ ಬಟ್ಟೆಯನ್ನಿರಿಸಿ, ಮನೆಮಂದಿಯೆಲ್ಲ ಕೈಮುಗಿಯುತ್ತಾರೆ. ಆ ಹೊತ್ತಿನಲ್ಲಿ ಮನೆಯ ಮಕ್ಕಳನ್ನು, "ಈ ಎಡೆ ಯಾರಿಗೆ?" ಎಂದು ಕೇಳಿನೋಡಬಹುದು. ಅಜ್ಜನ ಹೆಸರು ಕೂಡಲೇ ಬರುತ್ತದೆ. ಮುತ್ತಜ್ಜನ ಹೆಸರಿಗಾಗಿ ಮಕ್ಕಳು ತಂದೆಯ ಮುಖವನ್ನು ನೋಡುತ್ತಾರೆ. ಅವನ ತಂದೆಯ ಹೆಸರೇನೆಂದರೆ ತಂದೆಯೂ ಸುಮ್ಮನಾಗುತ್ತಾನೆ. ಶ್ರಾದ್ಧದ ವಿಧಿಯಲ್ಲಿಯೂ ಹೆಸರು ಹಿಡಿದು ಕರೆಯುವುದು ತಂದೆ, ಅಜ್ಜ, ಮುತ್ತಜ್ಜ ಎಂಬ ಮೂರು ತಲೆಮಾರಿನವರನ್ನು. ಅದರಾಚೆಗಿನವರೆಲ್ಲರೂ 'ಹಿರಿಯರು' ಎಂಬ ಒಂದೇ ಮಾತಿನಲ್ಲಿ ಸೇರಿಹೋಗುತ್ತಾರೆ.

ಇದನ್ನು ಕೃತಘ್ನತೆ ಎನ್ನಲಾಗದು. ಕಂಡವರನ್ನು ನೆನೆಯುವುದು ಸುಲಭ. ಕಾಣದವರನ್ನು ನೆನೆಯುವುದು ಕಷ್ಟ. ಆದರೆ ತಾನು ಸಂಪೂರ್ಣವಾಗಿ ಮರೆತುಹೋಗುವೆನೆಂಬ ವಿಚಾರಕ್ಕೆ ಮನುಷ್ಯನ ಮನಸ್ಸು ಸುಲಭವಾಗಿ ಒಪ್ಪುವುದಿಲ್ಲ. ಆದುದರಿಂದಲೇ ಅವನು ಕಲ್ಲು ನೆಡಿಸಿದನು, ಗುಡಿ ಕಟ್ಟಿಸಿದನು, ಪ್ರತಿಮೆಗಳನ್ನು ನಿಲ್ಲಿಸಿದನು. ಹೀಗೆ ನಿಲ್ಲಿಸಿದವುಗಳಲ್ಲಿ ಯಾವುದು ನಿಜವಾಗಿ ನೆನಪನ್ನು ಉಳಿಸುತ್ತದೆ ಎಂಬುದು ವಿಚಾರಮಾಡಬೇಕಾದ ಪ್ರಶ್ನೆ.

ಕನ್ನಡ ನಾಡು ವೀರಗಲ್ಲುಗಳ ನಾಡು. ತುರುಗಳನ್ನು ಕಾಯುವಾಗ, ಊರನ್ನು ಉಳಿಸುವಾಗ ಮಡಿದವರಿಗಾಗಿ ಉಳಿದವರು ನೆಡಿಸಿದ ಕಲ್ಲುಗಳು ಹಳ್ಳಿಹಳ್ಳಿಗಳಲ್ಲಿವೆ. ಅವುಗಳಲ್ಲಿ ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ವಿಶಿಷ್ಟವಾದುದು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಕಾಲದಲ್ಲಿ ತಕ್ಕೋಲದ ಯುದ್ಧ ನಡೆಯಿತು. ಅದರಲ್ಲಿ ಮಣಲೇರನೆಂಬ ವೀರನು ಮೆರೆದ ಶೌರ್ಯಕ್ಕೆ ಒಡೆಯನು ಮೆಚ್ಚಿ, ಬೇಕಾದುದನ್ನು ಬೇಡೆಂದನು. ಮಣಲೇರನು ಊರನ್ನು ಬೇಡಲಿಲ್ಲ, ಹೊನ್ನನ್ನು ಬೇಡಲಿಲ್ಲ. ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಮುಂದೆ ಆ ನಾಯಿ ಕಾಡುಹಂದಿಯೊಡನೆ ಹೋರಾಡಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಅದರ ನೆನಪಿಗಾಗಿ ಕ್ರಿ.ಶ. 949-50ರ ವೇಳೆಗೆ ಕಲ್ಲನ್ನು ನೆಡಿಸಿ, ನಾಯಿಯೂ ಹಂದಿಯೂ ಕಾದುವ ಚಿತ್ರವನ್ನು ಅದರಲ್ಲಿ ಕೆತ್ತಿಸಿ, ಪೂಜೆಗೆಂದು ಭೂಮಿಯನ್ನೂ ಬಿಟ್ಟರು.

ಒಂದು ಮೂಕಪ್ರಾಣಿಯ ಉಪಕಾರವನ್ನೂ ಮರೆಯಬಾರದೆಂದುಕೊಂಡ ಆ ಜನರ ಹೃದಯ ದೊಡ್ಡದು. ಆದರೆ ಆ ಕಲ್ಲಿನ ಗತಿಯನ್ನೂ ಗಮನಿಸಬೇಕು. ಪೂಜೆಗೆ ಬಿಟ್ಟ ಭೂಮಿಯ ಏರ್ಪಾಡು ಕಾಲದೊಡನೆ ಕಳೆದುಹೋಯಿತು. ಕಲ್ಲು ತನ್ನ ಊರನ್ನು ಬಿಟ್ಟು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿತು. ಅದರ ಹಳಗನ್ನಡ ಬರಹವನ್ನು ವಿದ್ವಾಂಸರು ಓದಿ ಪ್ರಕಟಿಸಿದುದರಿಂದ ಕಾಳಿಯ ಕಥೆ ಮತ್ತೆ ಬೆಳಕಿಗೆ ಬಂದಿತು. ಓದಬಲ್ಲವರು ಇಲ್ಲದಿದ್ದರೆ ಶಾಸನವೂ ಒಂದು ಬಂಡೆಯೇ. ಕಲ್ಲು ಗಟ್ಟಿಯಾದುದು ನಿಜ. ಆದರೆ ನೆನಪನ್ನು ಉಳಿಸುವುದು ಕಲ್ಲಿನ ಗಟ್ಟಿತನವಲ್ಲ, ಬದುಕಿರುವವರ ಆಸಕ್ತಿ.

ಈ ಮಾತಿಗೆ ಇನ್ನೂ ದೊಡ್ಡ ನಿದರ್ಶನ ಅದೇ ಕಾಲದಲ್ಲಿ ದೊರೆಯುತ್ತದೆ. ಮೂರನೆಯ ಕೃಷ್ಣನಿಂದ 'ಉಭಯಕವಿ ಚಕ್ರವರ್ತಿ' ಎಂಬ ಬಿರುದನ್ನು ಪಡೆದ ಕವಿ ಪೊನ್ನ. ಮಲ್ಲಪಯ್ಯ, ಪುನ್ನಮಯ್ಯ ಎಂಬ ಸೋದರರು ತಮ್ಮ ಗುರುವಾದ ಜಿನಚಂದ್ರದೇವರ ಸ್ಮರಣೆಗಾಗಿ ಇವನಿಂದ 'ಶಾಂತಿಪುರಾಣ'ವನ್ನು ಬರೆಯಿಸಿದರು. ಆ ಮಲ್ಲಪಯ್ಯನ ಮಗಳೇ ಅತ್ತಿಮಬ್ಬೆ.

ಅತ್ತಿಮಬ್ಬೆಯ ಬಾಳು ಸುಖದ ಬಾಳಾಗಿರಲಿಲ್ಲ. ಪತಿ ನಾಗದೇವನು ಅಕಾಲದಲ್ಲಿ ಮಡಿದನು. ಅವನನ್ನೇ ವರಿಸಿದ್ದ ತಂಗಿ ಗುಂಡಮಬ್ಬೆ ಚಿತೆಯೇರಿದಳು. ಅತ್ತಿಮಬ್ಬೆ ಬದುಕಲು ನಿರ್ಧರಿಸಿದಳು; ಮಗನನ್ನು ಬೆಳೆಸಿದಳು; ಇದ್ದ ಸಂಪತ್ತನ್ನು ದಾನಕ್ಕೆ ತೆರೆದಳು. ರನ್ನನು 993ರಲ್ಲಿ ಮುಗಿಸಿದ 'ಅಜಿತಪುರಾಣ'ಕ್ಕೆ ಆಶ್ರಯವಿತ್ತವಳು ಇವಳೇ. ಲಕ್ಕುಂಡಿಯಲ್ಲಿ ಇವಳು ಕಟ್ಟಿಸಿದ ಬಸದಿಯೂ, ಇವಳ ಗುಣವನ್ನು ಹೇಳುವ 1007ರ ಶಾಸನವೂ ಇಂದಿಗೂ ಇವೆ. ಆದರೆ ಇವಳು ಮಾಡಿದ ಕಾರ್ಯಗಳಲ್ಲಿ ಒಂದು ಮಾತ್ರ ಅಪೂರ್ವವಾದುದು. ತನ್ನ ತಂದೆ ಬರೆಯಿಸಿದ್ದ ಶಾಂತಿಪುರಾಣದ 1,000 ಪ್ರತಿಗಳನ್ನು ಮಾಡಿಸಿ ಅವಳು ಹಂಚಿದಳು.

ಅಚ್ಚಿನ ಯಂತ್ರವಿಲ್ಲದ ಆ ಕಾಲದಲ್ಲಿ ಈ ಕಾರ್ಯದ ಗಾತ್ರವೆಷ್ಟೆಂಬುದನ್ನು ಊಹಿಸಬೇಕು. ಒಂದೊಂದು ಓಲೆಯನ್ನೂ ಹದಮಾಡಿ, ಕಬ್ಬಿಣದ ಕಂಠದಿಂದ ಒಂದೊಂದು ಅಕ್ಷರವನ್ನೂ ಕೊರೆಯಬೇಕು. ಕೊರೆದ ಗೀರುಗಳಿಗೆ ಮಸಿ ತುಂಬಬೇಕು. ಒಂದು ಕಾವ್ಯವನ್ನು ಹೀಗೆ ಒಮ್ಮೆ ಬರೆದು ಮುಗಿಸುವುದೇ ಶ್ರಮದ ಕೆಲಸ. ಅಷ್ಟಾದರೂ ಓಲೆ ಶಾಶ್ವತವಲ್ಲ. ತೇವಕ್ಕೆ ಕೊಳೆಯುತ್ತದೆ, ಹುಳುವಿಗೆ ಆಹಾರವಾಗುತ್ತದೆ. ಬಹಳ ಜೋಪಾನ ಮಾಡಿದರೆ ಕೆಲವು ನೂರು ವರ್ಷ ಬಾಳೀತು. ಅಷ್ಟರೊಳಗೆ ಮತ್ತೊಬ್ಬರು ಅದನ್ನು ಹೊಸ ಓಲೆಗೆ ಇಳಿಸದಿದ್ದರೆ ಕಾವ್ಯದ ಕಥೆ ಮುಗಿದಂತೆಯೇ.

ಹೀಗೆ ಮುಗಿದುಹೋದವು ಬಹಳ. ಇದೇ ಪೊನ್ನನು 'ಭುವನೈಕ ರಾಮಾಭ್ಯುದಯ'ವೆಂಬ ಇನ್ನೊಂದು ಕಾವ್ಯವನ್ನು ಬರೆದಿದ್ದನು. ಅದು ದೊರೆತಿಲ್ಲ. ರನ್ನನ 'ಪರಶುರಾಮ ಚರಿತ'ವೂ 'ಚಕ್ರೇಶ್ವರ ಚರಿತ'ವೂ ದೊರೆತಿಲ್ಲ. ಆ ಕೃತಿಗಳಲ್ಲಿ ಪ್ರತಿಭೆ ಕಡಿಮೆಯಿತ್ತೆಂದು ಹೇಳುವಂತಿಲ್ಲ. ತಲೆಮಾರಿನಿಂದ ತಲೆಮಾರಿಗೆ ಅವುಗಳನ್ನು ದಾಟಿಸುವ ಕೈಗಳ ಸರಪಳಿ ಎಲ್ಲಿಯೋ ಕಡಿದುಹೋಯಿತು. ಶಾಂತಿಪುರಾಣವಾದರೋ ಇಂದಿಗೂ ಓದಲು ದೊರೆಯುತ್ತದೆ. ಗುರುವಿನ ನೆನಪನ್ನು ಶಿಷ್ಯರು ಕವಿಗೆ ಒಪ್ಪಿಸಿದರು. ಕವಿಯ ಕಾವ್ಯವನ್ನು ಮಗಳು ನಾಡಿಗೆ ಒಪ್ಪಿಸಿದಳು. ನಾಡಿನ ಲಿಪಿಕಾರರು ಅದನ್ನು ಮುಂದಿನವರಿಗೆ ಒಪ್ಪಿಸಿದರು. ಆ ಲಿಪಿಕಾರರ ಹೆಸರುಗಳನ್ನು ಇಂದು ಯಾರು ಬಲ್ಲರು? ಹೆಸರು ಹೋಯಿತು, ಕೆಲಸ ಉಳಿಯಿತು.

"ಅತ್ತಿಮಬ್ಬೆಗೆ ಸಂಪತ್ತಿತ್ತು, ಸಾಮಾನ್ಯರು ಏನನ್ನು ಬಿಟ್ಟುಹೋಗಬಲ್ಲರು?" ಎಂಬ ಆಕ್ಷೇಪ ಇಲ್ಲಿ ಸಹಜವಾಗಿ ಏಳುತ್ತದೆ. ಇದಕ್ಕೆ ಉತ್ತರ ಮಾಗಡಿ ತಾಲ್ಲೂಕಿನ ಒಂದು ರಸ್ತೆಯ ಬದಿಯಲ್ಲಿದೆ. ಹುಲಿಕಲ್ಲಿನ ತಿಮ್ಮಕ್ಕ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಕಲ್ಲುಗಣಿಯಲ್ಲಿ ಕೂಲಿ ಮಾಡಿ ಬದುಕಿದವರು. ಮಕ್ಕಳಿಲ್ಲದ ಅವರೂ ಅವರ ಪತಿ ಚಿಕ್ಕಯ್ಯನವರೂ ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ದಾರಿಯಲ್ಲಿ ಆಲದ ಸಸಿಗಳನ್ನು ನೆಟ್ಟರು. ದೂರದಿಂದ ನೀರು ಹೊತ್ತು ತಂದು ಎರೆದರು. ದನಕರುಗಳು ಮೇಯದಂತೆ ಮುಳ್ಳುಬೇಲಿ ಕಟ್ಟಿದರು. ಹೀಗೆ ಬೆಳೆದ ಮರಗಳು 300ಕ್ಕೂ ಹೆಚ್ಚು. ನಾಡು ಅವರನ್ನು 'ಸಾಲುಮರದ ತಿಮ್ಮಕ್ಕ' ಎಂದು ಕರೆಯಿತು. 2019ರಲ್ಲಿ ಪದ್ಮಶ್ರೀ ಪ್ರಶಸ್ತಿಯೂ ಬಂದಿತು. 2025ರ ನವೆಂಬರಿನಲ್ಲಿ ಅವರು ತೀರಿಕೊಂಡರು. ಆ ದಾರಿಯಲ್ಲಿ ನಡೆಯುವವನಿಗೆ ಅವರ ಹೆಸರು ತಿಳಿಯದಿದ್ದರೂ ನೆರಳು ದೊರೆಯುತ್ತದೆ.

ಇಲ್ಲಿಯೂ ಒಂದು ಎಚ್ಚರಿಕೆಯ ಮಾತಿದೆ. ಪ್ರಶಸ್ತಿ ಬಂದ ಆ 2019ರಲ್ಲಿಯೇ ರಸ್ತೆಯನ್ನು ಅಗಲಗೊಳಿಸುವ ಯೋಜನೆಯಿಂದ ಆ ಮರಗಳಿಗೆ ಅಪಾಯ ಒದಗಿತ್ತು. ವೃದ್ಧೆಯಾದ ತಿಮ್ಮಕ್ಕನವರು ಮುಖ್ಯಮಂತ್ರಿಗಳಲ್ಲಿ ಮೊರೆಯಿಡಬೇಕಾಯಿತು. ಅಂದು ಕೇಳಲು ಅವರಿದ್ದರು. ನಾಳೆ ಕೇಳುವವರು ಯಾರು? ನೆಟ್ಟವರು ಹೋದ ಮೇಲೆ ಮರಗಳನ್ನು ಕಾಯುವ ಹೊಣೆ ನೆರಳನ್ನು ಅನುಭವಿಸುವವರದೇ ಆಗುತ್ತದೆ.

ಒಳ್ಳೆಯದು ಉಳಿಯುವಂತೆ ಕೆಟ್ಟದ್ದೂ ಉಳಿಯುತ್ತದೆ ಎಂಬುದನ್ನು ಮರೆಯಬಾರದು. ಒಬ್ಬನು ಒತ್ತುವರಿ ಮಾಡಿದ ಕೆರೆ ಅವನ ಮೊಮ್ಮಕ್ಕಳ ಕಾಲಕ್ಕೆ ಬತ್ತಿದ ಬಾವಿಯಾಗಿ ಕಾಣಿಸಿಕೊಳ್ಳುತ್ತದೆ. ಒಬ್ಬನು ಬಿತ್ತಿದ ಹಗೆ ಕಾರಣ ಮರೆತ ಮೇಲೂ ಎರಡು ಮನೆಗಳ ನಡುವೆ ಗೋಡೆಯಾಗಿ ನಿಲ್ಲುತ್ತದೆ. ಆದುದರಿಂದ ಏನನ್ನಾದರೂ ಬಿಟ್ಟುಹೋಗಬೇಕೆ ಬೇಡವೆ ಎಂಬ ಆಯ್ಕೆ ಯಾರಿಗೂ ಇಲ್ಲ. ಏನನ್ನು ಬಿಟ್ಟುಹೋಗಬೇಕು ಎಂಬ ಆಯ್ಕೆ ಮಾತ್ರ ಇದೆ.

ಇಂದಿನ ದಿನಗಳಲ್ಲಿ ಅಗಲಿದ ಹಿರಿಯರನ್ನು ಗೌರವಿಸುವ ಬಗೆ ಬಹುಮಟ್ಟಿಗೆ ಹಾರಕ್ಕೂ ಭಾಷಣಕ್ಕೂ ಇಳಿದಿದೆ. ಜಯಂತಿಯ ದಿನ ಪ್ರತಿಮೆಯ ಧೂಳನ್ನು ಒರೆಸುತ್ತಾರೆ. ಮರುದಿನದಿಂದ ಧೂಳು ಮತ್ತೆ ಕೂಡುತ್ತದೆ. ಕವಿಯ ಹೆಸರನ್ನು ವೃತ್ತಕ್ಕೆ ಇಡುತ್ತಾರೆ. ಅವನ ಪುಸ್ತಕ ಗ್ರಂಥಾಲಯದ ಕಪಾಟಿನಲ್ಲಿ ಬೀಗದೊಳಗಿರುತ್ತದೆ. ಪ್ರತಿಮೆ ಬೇಡವೆಂದಲ್ಲ. ಆತಕೂರಿನ ಕಲ್ಲಿನಂತೆ ಅದೂ ಕೃತಜ್ಞತೆಯ ಒಂದು ಗುರುತೇ. ಆದರೆ ಗುರುತನ್ನು ಇಟ್ಟುಕೊಂಡು ವಸ್ತುವನ್ನು ಕಳೆದುಕೊಳ್ಳುವುದು ವಿವೇಕವಲ್ಲ. ಕವಿಗೆ ಸಲ್ಲಿಸುವ ಮೊದಲ ಗೌರವ ಅವನನ್ನು ಓದುವುದು. ಕೆರೆ ಕಟ್ಟಿಸಿದವನಿಗೆ ಸಲ್ಲಿಸುವ ಮೊದಲ ಗೌರವ ಕೆರೆಯ ಹೂಳೆತ್ತುವುದು. ಕಲಿಸಿದ ಗುರುವಿಗೆ ಸಲ್ಲಿಸುವ ಮೊದಲ ಗೌರವ ಕಲಿತುದನ್ನು ಮತ್ತೊಬ್ಬರಿಗೆ ಹೇಳಿಕೊಡುವುದು.

ಎಡೆಯ ಮುಂದೆ ಕೈಮುಗಿದ ಮಕ್ಕಳಿಗೆ ಮುತ್ತಜ್ಜನ ತಂದೆಯ ಹೆಸರು ತಿಳಿಯದಿರಬಹುದು. ಆದರೆ ಅಂದು ಬಡಿಸಿದ ಅಡುಗೆಯ ಹದ ಯಾವುದೋ ಅಜ್ಜಿಯಿಂದ ಬಂದುದು. ಕೈತೋಟಕ್ಕೆ ನೀರು ಕೊಡುವ ಬಾವಿ ಯಾವುದೋ ಅಜ್ಜ ತೋಡಿಸಿದುದು. ಮನೆಯಲ್ಲಿ ಆಡುವ ಮಾತು ಹೆಸರಿಲ್ಲದ ಸಾವಿರಾರು ಬಾಯಿಗಳನ್ನು ದಾಟಿ ಬಂದುದು. ಇವುಗಳನ್ನು ಕೆಡಿಸದೆ, ಸಾಧ್ಯವಾದರೆ ಸ್ವಲ್ಪ ಹೆಚ್ಚಿಸಿ, ಮುಂದಿನವರ ಕೈಗೆ ಒಪ್ಪಿಸುವವನು ಹೆಸರು ಅರಿಯದೆಯೂ ಹಿರಿಯರನ್ನು ನೆನೆಯುತ್ತಾನೆ. ಹಿರಿಯರ ಋಣ ತೀರುವುದು ಹೀಗೆಯೇ.